ಎಸ್‌ಚೂ, ಇವೇಡ್, ಅವರ್ಟ್: ಎಲ್ಲಕ್ಕೂ ‘ತಪ್ಪಿಸು’ ಅಂದರೆ ನಡೆಯುತ್ತಾ?

ದುರ್ಗದ_ಹುಡುಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಮಾದರಿ ಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಒಂದು ಬಂತು. ನಿವೃತ್ತಿಯಾದ ಮೇಲೆ ಒಬ್ಬರು ಪ್ರಚಾರವನ್ನೆಲ್ಲ ‘ಡ್ಯಾಶ್’ ಮಾಡಿದ್ದಾರೆ ಅನ್ನುವ ವಾಕ್ಯ. ಆಯ್ಕೆಗಳು ಅವರ್ಟೆಡ್, ಇವೇಡೆಡ್, ಎಸ್‌ಚೂಡ್, ಸರ್ಕಮ್‌ವೆಂಟೆಡ್. ಹಿಂದಿನ ಪುಟದಲ್ಲಿ ಉತ್ತರ ಎಸ್‌ಚೂಡ್ ಅಂತ ಕೊಟ್ಟಿದ್ದಾರೆ.

ಉತ್ತರ ಸಿಕ್ಕಿತು, ಕಾರಣ ಸಿಗಲಿಲ್ಲ. ಫೋನಿನಲ್ಲಿ ಹುಡುಕಿದರೆ ಎಲ್ಲಕ್ಕೂ ಕನ್ನಡದಲ್ಲಿ ‘ತಪ್ಪಿಸು’ ಅಂತಲೇ ಬರುತ್ತದೆ. ‘ಇವೇಡೆಡ್ ಯಾಕೆ ಆಗಲ್ಲ’ ಅಂತ ರೂಮ್‌ಮೇಟ್ ಪಟ್ಟು ಹಿಡಿದು ಕೂತಿದ್ದಾನೆ. ಯಾರಾದರೂ ಬಿಡಿಸಿ ಹೇಳುತ್ತೀರಾ? ಬಾಯಿಪಾಠ ಮಾಡುವ ಪಟ್ಟಿ ಬೇಡ, ಅದು ನನ್ನ ಹತ್ತಿರ ಬೇಕಾದಷ್ಟಿದೆ.

ಮಂಡಕ್ಕಿ_ಮಿರ್ಚಿ

ಮೊದಲು ಅದನ್ನು ಬಾಯಲ್ಲಿ ಹೇಳುವುದು ಹೇಗೆ ಅಂತ ತಿಳಿಸಿ. ನಮ್ಮ ಕೋಚಿಂಗ್‌ನಲ್ಲಿ ಒಬ್ಬರು ಎಸ್ಕ್ಯೂ ಅನ್ನುತ್ತಾರೆ, ಇನ್ನೊಬ್ಬರು ಎಶೂ ಅನ್ನುತ್ತಾರೆ. ಕೇಳಿದರೆ ಯಾರೋ ಸೀನಿದಂಗೆ ಇದೆ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಎಸ್‌ಚೂ. ಒತ್ತು ಕೊನೆಯ ‘ಚೂ’ ಮೇಲೆ. ಬ್ರಿಟಿಷ್ ನಿಘಂಟುಗಳಲ್ಲಿ ಹೀಗೇ ಇದೆ, ನಮ್ಮ ಕಡೆಯೂ ಇದೇ ನಡೆಯುತ್ತದೆ. ಅಮೆರಿಕದವರು ಎಶೂ ಅನ್ನುವುದೂ ಉಂಟು. ಅಲ್ಲಿನ ನಿಘಂಟಿನಲ್ಲಿ ಎಸ್ಕ್ಯೂ ಕೂಡ ಒಂದು ಮೂಲೆಯಲ್ಲಿ ಸಿಗುತ್ತದೆ. ಹಾಗಾಗಿ ನಿಮ್ಮ ಕೋಚಿಂಗ್‌ನವರು ಇಬ್ಬರನ್ನೂ ಬೈಯುವಂತಿಲ್ಲ.

ಈಗ ಹುಡುಗನ ಪ್ರಶ್ನೆ. ತಮ್ಮಾ, ಇಂಥ ಪದ ಬಂದಾಗ ಒಂದೇ ಒಂದು ಮಾತು ಕೇಳಿಕೊ: ಆ ‘ಬೇಡವಾದದ್ದು’ ಎಲ್ಲಿತ್ತು?

ಅವರ್ಟ್ ಅಂದರೆ ಅದು ಎದುರಿನಿಂದ ಬರುತ್ತಿತ್ತು, ಬರದಂತೆ ತಿರುಗಿಸಿದೆ. ಅಪಘಾತ, ಮುಷ್ಕರ, ದೊಡ್ಡ ಅನಾಹುತ. ಲ್ಯಾಟಿನ್‌ನಲ್ಲಿ ‘ವೆರ್ಟೆರೆ’ ಅಂದರೆ ತಿರುಗಿಸು ಅಂತಲೇ ಅರ್ಥ. ಇವೇಡ್ ಅಂದರೆ ಅದು ನಿನ್ನ ಬೆನ್ನು ಹತ್ತಿತ್ತು. ಪೊಲೀಸರು, ತೆರಿಗೆ, ಉತ್ತರ ಕೊಡಲೇಬೇಕಾದ ಪ್ರಶ್ನೆ. ನೀನು ಕೈಗೆ ಸಿಗದೆ ಜಾರಿಕೊಂಡೆ. ಸರ್ಕಮ್‌ವೆಂಟ್ ಅಂದರೆ ಅದು ದಾರಿಗೆ ಅಡ್ಡ ನಿಂತಿತ್ತು, ನೀನು ಸುತ್ತು ಹಾಕಿ ಆಚೆ ಹೋದೆ. ನಿಯಮ, ನಿಷೇಧ, ಇಂಥವು.

ಎಸ್‌ಚೂ ಅಂದರೆ ಅದು ಸುಮ್ನೆ ಅಲ್ಲೇ ಇತ್ತು. ನಿನ್ನ ತಂಟೆಗೆ ಬಂದಿರಲಿಲ್ಲ. ಕೈ ಚಾಚಿದರೆ ಸಿಗುತ್ತಿತ್ತು. ನೀನೇ ಯೋಚನೆ ಮಾಡಿ, ಇದು ನನಗೆ ಸರಿಯಲ್ಲ ಅಂತ ದೂರ ಇಟ್ಟೆ.

ನಿನ್ನ ಪ್ರಶ್ನೆಯಲ್ಲಿ ನಿವೃತ್ತರನ್ನು ಪ್ರಚಾರ ಅಟ್ಟಿಸಿಕೊಂಡು ಬಂದಿರಲಿಲ್ಲ. ಬೇಕೆಂದಿದ್ದರೆ ಸನ್ಮಾನ, ಸಂದರ್ಶನ, ವೇದಿಕೆ ಎಲ್ಲ ಸಿಗುತ್ತಿತ್ತು. ಅವರು ಹತ್ತಿರ ಸೇರಿಸಲಿಲ್ಲ. ಅದಕ್ಕೇ ಎಸ್‌ಚೂಡ್.

ದುರ್ಗದ_ಹುಡುಗ

ಸರ್, ಈಗ ಸ್ವಲ್ಪ ತಲೆಗೆ ಹೋಯಿತು. ಆದರೆ ರೂಮ್‌ಮೇಟ್ ಬಿಡುತ್ತಿಲ್ಲ. ‘ಪತ್ರಕರ್ತರು ಮನೆ ಮುಂದೆ ಬಂದು ನಿಂತರು, ಇವರು ಹಿತ್ತಲ ಬಾಗಿಲಿನಿಂದ ಹೋದರು ಅಂದರೆ?’ ಅಂತ ಕೇಳುತ್ತಿದ್ದಾನೆ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಅವನಿಗೆ ಹೇಳು. ಪತ್ರಕರ್ತರನ್ನು ಇವೇಡ್ ಮಾಡಿದರು. ಪ್ರಚಾರವನ್ನು ಎಸ್‌ಚೂ ಮಾಡಿದರು. ಮನುಷ್ಯ ಒಬ್ಬನೇ, ಹಿತ್ತಲ ಬಾಗಿಲೂ ಒಂದೇ. ಕ್ರಿಯಾಪದ ಮಾತ್ರ ಬೇರೆ.

ಏಳು_ಸುತ್ತು

ಮೇಷ್ಟ್ರ ಲೆಕ್ಕಕ್ಕೆ ನಮ್ಮ ಕೋಟೆಯಲ್ಲೇ ಉದಾಹರಣೆ ಇದೆ. ಹೈದರಾಲಿಯ ಸೈನಿಕರಿಗೆ ಏಳು ಸುತ್ತಿನ ಕೋಟೆ ಅಡ್ಡ ನಿಂತಿತ್ತು. ಬಾಗಿಲು ಒಡೆಯಲು ಆಗಲಿಲ್ಲ. ಬಂಡೆ ಸಂದಿನ ಕಿಂಡಿ ಹುಡುಕಿ ಅದರಲ್ಲಿ ಒಬ್ಬೊಬ್ಬರೇ ತೂರಿ ಒಳಗೆ ಬರಲು ನೋಡಿದರು. ಅದು ಸರ್ಕಮ್‌ವೆಂಟ್. ಓಬವ್ವ ಒನಕೆ ಹಿಡಿದು ಈಚೆ ಕಡೆ ನಿಂತಳು. ತಲೆ ತೂರಿಸಿದವರನ್ನು ತೂರಿಸಿದ ಹಾಗೇ ಕೆಡವಿದಳು. ಅವತ್ತಿನ ಗಂಡಾಂತರ ತಪ್ಪಿತು. ಅದು ಅವರ್ಟ್.

ಕಿಂಡಿ ಈಗಲೂ ಇದೆ. ಟೂರಿಗೆ ಬರುವ ಶಾಲೆ ಮಕ್ಕಳು ಬಗ್ಗಿ ಅದರೊಳಗೆ ಇಣುಕದೆ ಮುಂದೆ ಹೋಗುವುದಿಲ್ಲ. ಮೇಷ್ಟ್ರು ಮುಂದೆ, ಮಕ್ಕಳು ಹಿಂದೆ, ಯಾರೋ ಒಬ್ಬ ಒನಕೆ ಹಿಡಿದವನ ಹಾಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾನೆ.

ಇನ್ನೊಂದು ಮಾತು. 1779ರಲ್ಲಿ ಕೋಟೆ ಕೊನೆಗೂ ಹೈದರಾಲಿಯ ಕೈಗೆ ಹೋಯಿತು. ಅಂದರೆ ಅವರ್ಟ್ ಆದದ್ದು ಶಾಶ್ವತವಾಗಿ ತಪ್ಪಿತು ಅಂತ ಅಲ್ಲ. ಆ ಹೊತ್ತಿಗೆ ತಪ್ಪಿತು ಅಷ್ಟೇ. ಎಸ್‌ಚೂ ಮಾತ್ರ ಇಡೀ ಕೋಟೆಯ ಕಥೆಯಲ್ಲಿ ಎಲ್ಲೂ ಕಾಣಲಿಲ್ಲ. ಯುದ್ಧದಲ್ಲಿ ಅದಕ್ಕೆ ಪುರಸೊತ್ತು ಎಲ್ಲಿ ಬರಬೇಕು.

ಬೈಪಾಸ್_ಬಸವ

ಹಾಗಾದರೆ ಹೆದ್ದಾರಿ 48 ನಮ್ಮ ಊರೊಳಗೆ ಬರದೆ ಹೊರಗಿನಿಂದಲೇ ಹೋಗುತ್ತದಲ್ಲ, ಅದಕ್ಕೆ ಏನು ಹೇಳಬೇಕು?

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಸ್ಕರ್ಟ್ಸ್ ದಿ ಟೌನ್. ಅಂಚು ಹಿಡಿದು ಹೋಗುವುದು. ಮುಖ್ಯ ವಿಷಯಕ್ಕೆ ಬರದೆ ಅಂಚಿನಲ್ಲೇ ಓಡಾಡುವ ಭಾಷಣಕ್ಕೂ ಅದೇ ಪದ: ಸ್ಕರ್ಟಿಂಗ್ ದಿ ಇಶ್ಯೂ. ಚುನಾವಣೆ ಸಮಯದಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ.

ಚಳ್ಳಕೆರೆ_ಶೇಂಗಾ

ಇಷ್ಟೆಲ್ಲ ಯಾಕೆ ಬೇಕು ಅಂತೀನಿ. ಅವಾಯ್ಡ್ ಅನ್ನುವ ಸೀದಾ ಪದ ಇದೆ. ಹೊಲದಲ್ಲಿ ಕೆಲಸ ಮಾಡುವವರಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರಿಗೂ ಗೊತ್ತು. ಎಸ್‌ಚೂ ಅಂತ ಬರೆಯುವವರು ಜಂಬ ತೋರಿಸಲಿಕ್ಕೆ ಬರೆಯುತ್ತಾರೆ. ಇಂಗ್ಲಿಷಿನವರೇ ಇದನ್ನು ಇಟ್ಟುಕೊಂಡು ತಮಾಷೆ ಮಾಡುತ್ತಾರೆ, ‘ಎಸ್‌ಚೂ ಆಬ್‌ಫಸ್ಕೇಶನ್’ ಅಂತ. ಗೊಂದಲವಾಗಿ ಬರೆಯಬೇಡಿ ಅನ್ನುವುದನ್ನು ಎಷ್ಟು ಗೊಂದಲವಾಗಿ ಹೇಳಬಹುದೋ ಅಷ್ಟು ಗೊಂದಲವಾಗಿ ಹೇಳಿದ್ದು.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಅರ್ಧ ಒಪ್ಪುತ್ತೇನೆ ಶೇಂಗಾ ಅವರೇ. ಅರ್ಜಿ ಬರೆಯುವಾಗ, ಕಚೇರಿ ಪತ್ರ ಬರೆಯುವಾಗ ಅವಾಯ್ಡ್ ಸಾಕು. ‘ಐ ಎಸ್‌ಚೂ ಟೀ’ ಅಂತ ಯಾರಾದರೂ ಬಾಯಲ್ಲಿ ಹೇಳಿದರೆ ಪಕ್ಕದವರು ನಗುತ್ತಾರೆ. ಅದು ಬರವಣಿಗೆಯ ಪದ. ಸಂಪಾದಕೀಯ, ತೀರ್ಪು, ಜೀವನಚರಿತ್ರೆ, ಇಂಥ ಕಡೆ ಇರುತ್ತದೆ. ಆದರೆ ಓದುವವನಿಗೆ ಅದು ಎದುರಾಗುತ್ತದಲ್ಲ, ಆಗ ಅರ್ಥ ಗೊತ್ತಿರಬೇಕು.

ಹೊಳಲ್ಕೆರೆ_ಅಕ್ಕ

ನಾನು ಔಷಧಿ ಅಂಗಡಿಯಲ್ಲಿ ಇದ್ದೇನೆ. ‘ಅವಾಯ್ಡ್ ಎಲ್ಲರಿಗೂ ಗೊತ್ತು’ ಅನ್ನುವುದಕ್ಕೆ ನನ್ನದೊಂದು ತಕರಾರಿದೆ. ಅವಾಯ್ಡ್ ನಮ್ಮ ಮಾತಿಗೆ ಬಂದ ಮೇಲೆ ಮೆತ್ತಗಾಗಿದೆ. ‘ಆದಷ್ಟು ಅವಾಯ್ಡ್ ಮಾಡಿ’ ಅಂತ ಹೇಳಿ ಹೇಳಿ, ಅವಾಯ್ಡ್ ಅಂದರೆ ಸ್ವಲ್ಪ ಕಡಿಮೆ ಮಾಡು ಅಂತಲೇ ಜನ ತಿಳಿದುಕೊಂಡಿದ್ದಾರೆ.

ಡಾಕ್ಟರು ಚೀಟಿಯ ಕೆಳಗೆ ‘ಅವಾಯ್ಡ್ ಆಲ್ಕೋಹಾಲ್’ ಅಂತ ಬರೆದಿರುತ್ತಾರೆ. ಬಂದವರು ಚೀಟಿಯನ್ನು ಕೌಂಟರ್ ಮೇಲೆ ಹರವಿ, ಆ ಸಾಲಿನ ಮೇಲೆ ಬೆರಳಿಟ್ಟು, ದನಿ ಇಳಿಸಿ ಕೇಳುತ್ತಾರೆ: ‘ಅಕ್ಕಾ, ಇದು ಕಡಿಮೆ ಮಾಡು ಅಂತಾನಾ, ಬ್ಯಾಡ ಅಂತಾನಾ?’ ಮೆಟ್ರೊನಿಡಜೋಲ್ ಮಾತ್ರೆ ಇದ್ದರೆ ನಾನು ಜೋರಾಗಿಯೇ ಹೇಳುತ್ತೇನೆ. ಕಡಿಮೆ ಅಲ್ಲ, ಮುಟ್ಟಲೇ ಬೇಡಿ. ಮಾತ್ರೆ ಮುಗಿದ ಮೇಲೂ ಎರಡು ಮೂರು ದಿನ ಬೇಡಿ. ವಾಂತಿ, ತಲೆನೋವು, ಮುಖವೆಲ್ಲ ಬಿಸಿಯಾಗುವುದು, ಎದೆ ಬಡಿತ ಜಾಸ್ತಿಯಾಗುವುದು ಎಲ್ಲ ಆಗಬಹುದು. ಮಾತ್ರೆಯ ಕವರ್ ಮೇಲೆ ಪೆನ್ನಿನಲ್ಲಿ ‘ಕುಡಿಯಬಾರದು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದು ಕೊಡುತ್ತೇನೆ. ಅವಾಯ್ಡ್ ಮಾಡಲಾಗದ ಕೆಲಸವನ್ನು ಆ ಎರಡು ಗೆರೆ ಮಾಡುತ್ತವೆ.

ಬೆಣ್ಣೆ ದೋಸೆಯವರ ಕಥೆ ಕೇಳಲೇಬೇಡಿ. ‘ಡಾಕ್ಟರು ಬೆಣ್ಣೆ ಅವಾಯ್ಡ್ ಮಾಡು ಅಂದಿದಾರೆ’ ಅಂತ ಹೇಳಿಕೊಂಡೇ ಕೂರುತ್ತಾರೆ. ಹೆಂಚಿನ ಮೇಲೆ ಬೆಣ್ಣೆ ಬೀಳುವಾಗ ಆ ಕಡೆ ನೋಡುವುದಿಲ್ಲ. ಆಮೇಲೆ ದೋಸೆ ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟು ಕೊಡುತ್ತಾರಲ್ಲ, ಅದನ್ನು ಚಮಚದಲ್ಲಿ ತೆಗೆದು ಪಕ್ಕದವರ ತಟ್ಟೆಗೆ ಹಾಕುತ್ತಾರೆ. ಅವಾಯ್ಡ್ ಆಯಿತು!

ಪಿಬಿ_ರೋಡ್_ಪುಟ್ಟ

ಅಕ್ಕಾ, ನಮ್ಮಪ್ಪನನ್ನು ನೀವು ಯಾವ ಹೋಟೆಲ್‌ನಲ್ಲಿ ನೋಡಿದಿರಿ? ಪಕ್ಕದ ತಟ್ಟೆ ನನ್ನದೇ.

ಮಂಡಕ್ಕಿ_ಮಿರ್ಚಿ

ಅವಾಯ್ಡ್‌ಗೆ ಇನ್ನೊಂದು ಅರ್ಥ ಕಾಲೇಜಿನಲ್ಲಿದೆ. ‘ಅವನು ನನ್ನ ಅವಾಯ್ಡ್ ಮಾಡ್ತಿದಾನೆ.’ ಮೆಸೇಜ್ ನೋಡಿದರೂ ಉತ್ತರ ಇಲ್ಲ, ಕ್ಯಾಂಟೀನ್‌ನಲ್ಲಿ ಕಂಡರೆ ದಾರಿ ಬದಲಿಸುವುದು. ಇದಕ್ಕೆ ಎಸ್‌ಚೂ ನಡೆಯುತ್ತಾ?

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ನಡೆಯುವುದಿಲ್ಲಮ್ಮಾ. ಎಸ್‌ಚೂ ಸಾಮಾನ್ಯವಾಗಿ ಮನುಷ್ಯರಿಗೆ ಹಾಕುವುದಲ್ಲ. ಅಭ್ಯಾಸ, ವಸ್ತು, ದಾರಿ, ನಡವಳಿಕೆ ಇವುಗಳಿಗೆ. ಹಿಂಸೆ, ಆಡಂಬರ, ಮದ್ಯ, ಪ್ರಚಾರ, ಕ್ಲಿಷ್ಟ ಭಾಷೆ. ಮನುಷ್ಯರಿಗೆ ಶನ್ ಅನ್ನುವ ಪದ ಇದೆ, ಆದರೆ ಅದು ಗಟ್ಟಿಯಾದದ್ದು. ಊರೇ ಸೇರಿ ಒಬ್ಬರ ಜೊತೆ ಮಾತು ಬಿಟ್ಟರೆ ಅದು ಶನ್. ಅಮೆರಿಕದ ಆಮಿಶ್ ಜನರಲ್ಲಿ ಕಟ್ಟುಪಾಡು ಮೀರಿದವರನ್ನು ಹೀಗೆ ದೂರ ಇಡುವ ಪದ್ಧತಿಗೆ ಶನಿಂಗ್ ಅಂತಲೇ ಹೆಸರು. ನಿಮ್ಮ ಕ್ಯಾಂಟೀನ್ ಹುಡುಗನಿಗೆ ಅಷ್ಟು ದೊಡ್ಡ ಮಾತು ಬೇಡ. ಅವನು ಅವಾಯ್ಡೇ ಮಾಡುತ್ತಿದ್ದಾನೆ.

ವಕೀಲರ_ಜೂನಿಯರ್

ಅವಾಯ್ಡ್ ಮೆತ್ತಗಿನ ಪದ ಅಂತ ಎಲ್ಲರೂ ಅಂದುಕೊಂಡಿದ್ದೀರಿ. ನಮ್ಮ ಕೋರ್ಟ್ ಆವರಣಕ್ಕೆ ಬನ್ನಿ, ಅದಕ್ಕೆ ಹಲ್ಲಿದೆ. ಅವಾಯ್ಡ್ ಒಳಗೆ ‘ವಾಯ್ಡ್’ ಕೂತಿದೆ ನೋಡಿ. ವಾಯ್ಡ್ ಅಂದರೆ ಖಾಲಿ. ಹಳೆಯ ಫ್ರೆಂಚಿನಿಂದ ಬಂದಾಗ ಅದರ ಅರ್ಥ ಖಾಲಿ ಮಾಡು, ಇಲ್ಲದಂತೆ ಮಾಡು ಅಂತಲೇ ಇತ್ತು. ಕಾನೂನಿನಲ್ಲಿ ಅದು ಇನ್ನೂ ಉಳಿದಿದೆ. 1872ರ ಕರಾರು ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಬಲವಂತದಿಂದಲೋ ಮೋಸದಿಂದಲೋ ಒಪ್ಪಿಗೆ ಪಡೆದ ಕರಾರು ವಾಯ್ಡಬಲ್. ಅಂದರೆ ಮೋಸ ಹೋದವನು ಬೇಕೆಂದರೆ ಅದನ್ನು ರದ್ದು ಮಾಡಿಸಬಹುದು, ಬೇಡವೆಂದರೆ ಹಾಗೇ ಬಿಡಬಹುದು. ಹಾಗೆ ರದ್ದು ಮಾಡುವುದಕ್ಕೆ ವಕೀಲರು ‘ಅವಾಯ್ಡ್ ದಿ ಕಾಂಟ್ರ್ಯಾಕ್ಟ್’ ಅನ್ನುತ್ತಾರೆ. ಕರಾರಿನಿಂದ ದೂರ ಓಡಿ ಹೋಗುವುದಲ್ಲ, ಕರಾರನ್ನೇ ಇಲ್ಲ ಅನ್ನಿಸುವುದು.

ಹೊಸದಾಗಿ ಬಂದ ಜೂನಿಯರ್‌ಗಳು ಈ ವಾಕ್ಯವನ್ನು ಕನ್ನಡಕ್ಕೆ ತರುವಾಗ ‘ಕರಾರನ್ನು ತಪ್ಪಿಸಿದರು’ ಅಂತ ಬರೆಯುತ್ತಾರೆ. ಕಕ್ಷಿದಾರ ಅದನ್ನು ಓದಿ, ಮಾತು ತಪ್ಪಿದವನು ತಾನೇ ಅಂತ ತಿಳಿದು ಜಗಳಕ್ಕೆ ಬರುತ್ತಾನೆ. ಪಾಪ, ಮೋಸ ಹೋದವನೂ ಅವನೇ.

ಲೆಕ್ಕದ_ಪುಸ್ತಕ

ತೆರಿಗೆ ಕೆಲಸ ಮಾಡುವವನು ನಾನು. ಮಾರ್ಚ್ ಬಂತೆಂದರೆ ಅಡಿಕೆ ಮಂಡಿಯವರು, ಬಟ್ಟೆ ಅಂಗಡಿಯವರು, ಮೇಷ್ಟ್ರುಗಳು ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಟ್ಯಾಕ್ಸ್ ಹೆಂಗಾದರೂ ತಪ್ಪಿಸಿ ಕೊಡಿ.’ ಕನ್ನಡದಲ್ಲಿ ಒಂದೇ ‘ತಪ್ಪಿಸು’, ಇಂಗ್ಲಿಷಿನಲ್ಲಿ ಅದು ಎರಡು ದಾರಿ.

ಕಾಯ್ದೆ ಕೊಟ್ಟ ವಿನಾಯಿತಿಯೊಳಗೆ ಲೆಕ್ಕ ಹೊಂದಿಸಿ ತೆರಿಗೆ ಇಳಿಸಿದರೆ ಅವಾಯ್ಡೆನ್ಸ್. ವ್ಯಾಪಾರವನ್ನೇ ಮುಚ್ಚಿಟ್ಟು, ಸುಳ್ಳು ಬಿಲ್ ಹಚ್ಚಿ ತಪ್ಪಿಸಿದರೆ ಇವೇಶನ್. ಆದಾಯ ತೆರಿಗೆ ಕಾಯ್ದೆ ಬೇಕೆಂತಲೇ ತೆರಿಗೆ ಇವೇಡ್ ಮಾಡಲು ನೋಡಿದವರಿಗೆ ಜೈಲು ಶಿಕ್ಷೆ ಹೇಳುತ್ತದೆ. ಬೇರೆ ದೇಶಗಳ ಜೊತೆ ನಮ್ಮ ಸರ್ಕಾರ ಮಾಡಿಕೊಳ್ಳುವ ತೆರಿಗೆ ಒಪ್ಪಂದಗಳ ಉದ್ದ ಹೆಸರಿನಲ್ಲಿ ಎರಡೂ ಪದ ಅಕ್ಕಪಕ್ಕ ಬರುತ್ತವೆ. ಎರಡು ಸಲ ತೆರಿಗೆ ಬೀಳುವುದರ ‘ಅವಾಯ್ಡೆನ್ಸ್’, ತೆರಿಗೆ ‘ಇವೇಶನ್’ ತಡೆ. ಅಂದರೆ ಮೊದಲನೆಯದಕ್ಕೆ ಸರ್ಕಾರವೇ ಸಹಾಯ ಮಾಡುತ್ತದೆ, ಎರಡನೆಯದಕ್ಕೆ ಹಿಡಿದು ಹಾಕುತ್ತದೆ.

ಹಾಗಂತ ಅವಾಯ್ಡೆನ್ಸ್ ಎಲ್ಲ ಕಾಲಕ್ಕೂ ಸಾಚಾ ಅಂತಲೂ ಅಲ್ಲ. 1985ರಲ್ಲಿ ಮೆಕ್‌ಡೊವೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತೆರಿಗೆ ಉಳಿಸಲಿಕ್ಕೆ ಅಂತಲೇ ಹೂಡುವ ನೆಪದ ವ್ಯವಹಾರಗಳು ತೆರಿಗೆ ಯೋಜನೆ ಅನ್ನಿಸಿಕೊಳ್ಳುವುದಿಲ್ಲ ಅಂತ ಹೇಳಿತು. ಆಮೇಲೆ ಅದಕ್ಕೆಂದೇ ನಿಯಮ ಬಂದು 2017ರ ಏಪ್ರಿಲ್‌ನಿಂದ ಜಾರಿಯಾಯಿತು. ಈ ನೆಪದ ವ್ಯವಹಾರಕ್ಕೆ ಮೇಷ್ಟ್ರು ಹೇಳಿದ ಸರ್ಕಮ್‌ವೆಂಟ್ ಸರಿಯಾಗಿ ಕೂರುತ್ತದೆ. ಬೇಲಿ ಮುರಿದಿಲ್ಲ, ಸಂದಿ ಹುಡುಕಿದ್ದಾರೆ.

ತೆರಿಗೆಗೆ ಎಸ್‌ಚೂ ಮಾತ್ರ ಹಾಕಬೇಡಿ. ‘ನನಗೆ ತೆರಿಗೆ ಬೇಡ ಅನ್ನಿಸಿತು, ದೂರ ಇಟ್ಟೆ’ ಅಂದರೆ ಇಲಾಖೆಯವರು ಒಪ್ಪುವುದಿಲ್ಲ.

ಚಳ್ಳಕೆರೆ_ಶೇಂಗಾ

ಸರಿ, ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ಕೇಳುತ್ತಿದ್ದೇನೆ. ಈ ಎಸ್‌ಚೂ ಎಲ್ಲಿಂದ ಬಂತು? ಲ್ಯಾಟಿನ್ ಥರ ಕಾಣುವುದಿಲ್ಲ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಕಣ್ಣು ಚುರುಕಿದೆ ನಿಮ್ಮದು. ಇವೇಡ್, ಅವರ್ಟ್, ಸರ್ಕಮ್‌ವೆಂಟ್ ಲ್ಯಾಟಿನ್ ಮನೆಯವು. ಎಸ್‌ಚೂ ಹಳೆಯ ಫ್ರೆಂಚಿನ ಮೂಲಕ ಬಂದರೂ ಅದರ ಬೇರು ಜರ್ಮನ್ ಕಡೆಯದು. ಅದೇ ಬೇರಿನ ಇನ್ನೊಂದು ಕುಡಿ ಶೈ, ಅಂದರೆ ನಾಚಿಕೆ ಸ್ವಭಾವದವರಿಗೆ ಹೇಳುವ ಪದ. ಹೆದರಿ ಹಿಂದೆ ಸರಿಯುವುದು ಅನ್ನುವ ಅರ್ಥ ಮೂಲದಲ್ಲಿ ಇತ್ತು. ಶೈ ಆ ಅಂಜಿಕೆಯನ್ನು ಇಟ್ಟುಕೊಂಡಿತು. ಎಸ್‌ಚೂ ಅಂಜಿಕೆ ಬಿಟ್ಟು ‘ದೂರ ಇಡುವುದು’ ಅಷ್ಟನ್ನೇ ಉಳಿಸಿಕೊಂಡಿತು.

ಅದಕ್ಕೆ ನೀತಿಯ ಬಣ್ಣ ಗಟ್ಟಿಯಾಗಲು ಬೈಬಲ್ ಕೂಡ ಒಂದು ಕಾರಣ ಅನ್ನುವುದು ನನ್ನ ಅನಿಸಿಕೆ. 1611ರ ಇಂಗ್ಲಿಷ್ ಅನುವಾದದಲ್ಲಿ ಯೋಬನ ಕಥೆ ಶುರುವಾಗುವುದೇ ಅವನು ದೇವರಿಗೆ ಹೆದರುವವನು, ಕೆಟ್ಟದ್ದನ್ನು ‘ಎಸ್‌ಚೂ’ ಮಾಡಿದವನು ಅಂತ. ನೂರಾರು ವರ್ಷ ಜನ ಅದನ್ನು ಚರ್ಚಿನಲ್ಲಿ ಕೇಳಿದ್ದಾರೆ. ಹಾಗಾಗಿ ಎಸ್‌ಚೂ ಅಂದಾಗ ಬರೀ ದೂರ ಇದ್ದರು ಅಂತ ಅಲ್ಲ, ಒಂದು ನಿಷ್ಠೆಯಿಂದ ದೂರ ಇದ್ದರು ಅನ್ನುವ ವಾಸನೆ ಬರುತ್ತದೆ.

ಹಿರಿಯೂರು_ಪಯಣಿಗ

ಒಂದು ಅನುಮಾನ ಮೇಷ್ಟ್ರೇ. ಪೇಪರ್‌ನಲ್ಲಿ ‘ಎಸ್‌ಚೂ ವಯಲೆನ್ಸ್’ ಅಂತ ಪದೇ ಪದೇ ಬರುತ್ತದೆ. ಬಂದೂಕು ಹಿಡಿದವರಿಗೆ ಸರ್ಕಾರ ಕೊಡುವ ಕರೆ ಅದು. ಅವರು ಈಗಾಗಲೇ ಹಿಂಸೆ ಮಾಡುತ್ತಿದ್ದಾರಲ್ಲ? ಅವರಿಗೆ ‘ಬಿಡಿ’ ಅನ್ನಬೇಕು. ನೀವು ಹೇಳಿದ್ದು ಮೊದಲಿಂದಲೂ ದೂರ ಇರುವುದು ಅಂತ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಹಾಗೆ ಹೇಳಿಲ್ಲ, ಆದರೆ ನೀವು ಕೇಳಿದ್ದು ಒಳ್ಳೆಯದಾಯಿತು. ಎಸ್‌ಚೂ ಹಿಂದಿನ ಲೆಕ್ಕ ನೋಡುವುದಿಲ್ಲ. ಜೀವನದಲ್ಲಿ ಒಂದು ಹನಿ ಮದ್ಯ ಮುಟ್ಟದವರೂ ಮದ್ಯವನ್ನು ಎಸ್‌ಚೂ ಮಾಡಬಹುದು, ನಿನ್ನೆವರೆಗೆ ಕುಡಿದವರೂ ಮಾಡಬಹುದು. ‘ಗಿವ್ ಅಪ್’ ಹಾಗಲ್ಲ, ಹಿಡಿದಿದ್ದವರು ಮಾತ್ರ ಬಿಡಬೇಕು. ನಮ್ಮ ನಿಜಲಿಂಗಪ್ಪನವರನ್ನೇ ತೆಗೆದುಕೊಳ್ಳಿ. 1968ರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅದು ರೆಲಿಂಕ್ವಿಶ್, ಇದ್ದದ್ದನ್ನು ಬಿಟ್ಟುಕೊಟ್ಟದ್ದು. ಆಡಂಬರವನ್ನು ಅಧಿಕಾರ ಇದ್ದಾಗಲೂ ಹತ್ತಿರ ಸೇರಿಸಲಿಲ್ಲ, ಇಲ್ಲದಾಗಲೂ ಸೇರಿಸಲಿಲ್ಲ. ಅದು ಎಸ್‌ಚೂ.

ಪರೀಕ್ಷೆಯವರಿಗೆ ಇನ್ನೊಂದು. ಹಿಂಸೆಯ ಜೊತೆ ಬರುವ ಮತ್ತೊಂದು ಪದ ನಮ್ಮ ಸಂವಿಧಾನದಲ್ಲೇ ಇದೆ. 1976ರ 42ನೇ ತಿದ್ದುಪಡಿಯಲ್ಲಿ ಮೂಲಭೂತ ಕರ್ತವ್ಯಗಳು ಸೇರಿದವು. 51ಎ ವಿಧಿಯಲ್ಲಿ ಸಾರ್ವಜನಿಕ ಆಸ್ತಿ ಕಾಪಾಡಬೇಕು, ಹಿಂಸೆಯನ್ನು ‘ಅಬ್ಜೂರ್’ ಮಾಡಬೇಕು ಅಂತಿದೆ. ಅಂದರೆ ಆಣೆ ಮಾಡಿ ಬಿಡುವುದು. ಅದರೊಳಗೆ ಆಣೆ ಇದೆ, ಲ್ಯಾಟಿನ್‌ನಲ್ಲಿ ‘ಯೂರಾರೆ’ ಅಂದರೆ ಪ್ರಮಾಣ ಮಾಡು. ಎಸ್‌ಚೂ ಮಾಡುವವನು ಯಾರಿಗೂ ಹೇಳಬೇಕಾಗಿಲ್ಲ.

ಖಾದಿ_ಭಂಡಾರ

ಆಣೆ ಅಂದ ತಕ್ಷಣ ಗಾಂಧೀಜಿಯ ಹಾಲಿನ ಕಥೆ ನೆನಪಾಯಿತು. ಈ ಚರ್ಚೆಗೆ ಅಳತೆ ಕೊಟ್ಟು ಹೊಲಿಸಿದಂತಿದೆ.

ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ಗಾಂಧೀಜಿ ಹಾಲು ಬಿಟ್ಟರು. ಹಸು ಎಮ್ಮೆಗಳಿಂದ ಹಾಲು ಹಿಂಡಲು ನಡೆಸುತ್ತಿದ್ದ ಕ್ರೌರ್ಯ ತಿಳಿದು ಮನಸ್ಸು ನೊಂದಿತ್ತು. ಯಾರ ಬಲವಂತವೂ ಇರಲಿಲ್ಲ. ಅದು ಅಪ್ಪಟ ಎಸ್‌ಚೂ. 1918ರಲ್ಲಿ ಭಾರತದಲ್ಲಿ ಕಾಯಿಲೆ ಬಿದ್ದು ಸೊರಗಿ ಹೋದರು. ಹಾಲು ಕುಡಿಯದಿದ್ದರೆ ಮೈಗೆ ಹತ್ತುವುದಿಲ್ಲ ಅಂತ ಡಾಕ್ಟರು ಪಟ್ಟು ಹಿಡಿದರು. ಪ್ರತಿಜ್ಞೆ ಇದೆ ಅಂತ ಇವರು. ಆಗ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಅಂದರು. ಗಾಂಧೀಜಿ ಒಪ್ಪಿದರು.

ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿ ಇದ್ದದ್ದು ಹಸು ಎಮ್ಮೆ ಮಾತ್ರ ನಿಜ. ಆದರೆ ಮಾತು ಉಳಿಯಿತು, ಅದರ ಜೀವ ಹೋಯಿತು ಅನ್ನುವ ಅರ್ಥದಲ್ಲಿ ಅವರೇ ಮುಂದೆ ಬರೆದುಕೊಂಡಿದ್ದಾರೆ. ಹಸುವಿನ ಹಾಲು ಎಸ್‌ಚೂ. ಆಡಿನ ಹಾಲು ಸರ್ಕಮ್‌ವೆಂಟ್. ಬೇರೆಯವರಾಗಿದ್ದರೆ ಇದನ್ನು ಜಾಣತನ ಅಂತ ಹೇಳಿಕೊಂಡು ತಿರುಗುತ್ತಿದ್ದರು.

ಲೆಕ್ಕದ_ಪುಸ್ತಕ

ನನ್ನ ಕಕ್ಷಿದಾರರಿಗೆ ಈ ಕಥೆ ಹೇಳುವುದಿಲ್ಲ. ಆಡಿನ ಹಾಲಿನ ದಾರಿ ಯಾವುದಿದೆ ಅಂತ ಕೇಳುತ್ತಾರೆ.

ಏಳು_ಸುತ್ತು

ಎಲ್ಲ ಸರಿ. ಎಸ್‌ಚೂಗೆ ಕನ್ನಡದಲ್ಲಿ ಏನು? ವರ್ಜಿಸು, ತ್ಯಜಿಸು, ಪರಿತ್ಯಜಿಸು ಅಂತೆಲ್ಲ ಬರೆಯುತ್ತಾರೆ. ಓದಿದರೆ ಪಂಚಾಂಗ ಓದಿದ ಹಾಗಿರುತ್ತದೆ.

ಹೊಳಲ್ಕೆರೆ_ಅಕ್ಕ

ಮುಟ್ಟಲ್ಲ. ‘ನಮ್ಮ ಅತ್ತೆ ಹೊರಗಿನ ಊಟ ಮುಟ್ಟಲ್ಲ.’ ಯಾರೂ ಬೇಡ ಅಂದಿಲ್ಲ, ಕಾಯಿಲೆಯೂ ಇಲ್ಲ. ಅವರೇ ಮಾಡಿಕೊಂಡ ಕಟ್ಟು.

ಪಿಬಿ_ರೋಡ್_ಪುಟ್ಟ

‘ಅದರ ಸಹವಾಸ ಬೇಡ.’ ಷೇರು ಮಾರುಕಟ್ಟೆ ಬಗ್ಗೆ ನಮ್ಮಪ್ಪ ಹೇಳುವ ಮಾತು. ಬೆಣ್ಣೆ ವಿಷಯದಲ್ಲಿ ಹೇಳುವುದಿಲ್ಲ.

ಮಂಡಕ್ಕಿ_ಮಿರ್ಚಿ

ನಮ್ಮಜ್ಜಿ ‘ಆ ಉಸಾಬರಿ ನಮಗ್ಯಾಕೆ’ ಅನ್ನುತ್ತಾಳೆ.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಮೂರೂ ಹತ್ತಿರ ಹತ್ತಿರ ಬಂದಿವೆ, ಆದರೆ ತೂಕ ಬೇರೆ. ಉಸಾಬರಿಯಲ್ಲಿ ಬೇಸರ ಇದೆ, ಇನ್ನೊಬ್ಬರ ರಗಳೆ ನಮ್ಮ ಮೈಮೇಲೆ ಬಂದೀತು ಅಂತ. ಸಹವಾಸ ಬೇಡ ಅನ್ನುವುದರಲ್ಲಿ ಒಂದು ಸಲ ಸುಟ್ಟುಕೊಂಡ ನೆನಪಿದೆ. ಮುಟ್ಟಲ್ಲ ಊಟಕ್ಕೆ, ಕುಡಿತಕ್ಕೆ, ಲಂಚದ ಹಣಕ್ಕೆ ಚೆನ್ನಾಗಿದೆ, ಪ್ರಚಾರಕ್ಕೆ ಕೂರುವುದಿಲ್ಲ.

ನಾನು ಪಾಠ ಮಾಡುವಾಗ ‘ಅದರ ತಂಟೆಗೇ ಹೋಗಲಿಲ್ಲ’ ಅಂತ ಹೇಳುತ್ತಿದ್ದೆ. ‘ಹತ್ತಿರ ಸೇರಿಸಲಿಲ್ಲ’ ಕೂಡ ಒಳ್ಳೆಯದೇ. ಅದು ಇತ್ತು, ನಾನೂ ಇದ್ದೆ, ನಾನಾಗಿಯೇ ಹೋಗಲಿಲ್ಲ ಅನ್ನುವುದು ಎರಡರಲ್ಲೂ ಬರುತ್ತದೆ. ನಾವು ಒಂದೇ ಕ್ರಿಯಾಪದಕ್ಕೆ ಕಾಯುತ್ತಾ ಕೂತರೆ ವರ್ಜಿಸು ಬಂದು ಕೂರುತ್ತದೆ. ಕನ್ನಡ ಇಂಥದ್ದನ್ನು ಎರಡು ಮಾತು ಸೇರಿಸಿಯೇ ಹೇಳುವುದು.

ತಪ್ಪಿಸು, ತಪ್ಪಿಸಿಕೊ ಎರಡನ್ನೂ ಬೇರೆ ಬೇರೆ ನೋಡಿದರೆ ನಾಲ್ಕು ಆಯ್ಕೆಯಲ್ಲಿ ಎರಡು ಅಲ್ಲೇ ಬಿಡಿಸಿಕೊಳ್ಳುತ್ತವೆ. ಅಪಘಾತ ತಪ್ಪಿಸಿದ, ಅವರ್ಟ್. ಪೊಲೀಸರಿಂದ ತಪ್ಪಿಸಿಕೊಂಡ, ಇವೇಡ್. ಆ ‘ಕೊ’ ಅಷ್ಟು ಕೆಲಸ ಮಾಡುತ್ತದೆ. ಫೋನಿನ ಡಿಕ್ಷನರಿ ಅದನ್ನು ಕತ್ತರಿಸಿ ಹಾಕಿರುತ್ತದೆ.

ದುರ್ಗದ_ಹುಡುಗ

ರೂಮ್‌ಮೇಟ್ ಒಪ್ಪಿದ. ಬಾಯಲ್ಲಿ ಒಪ್ಪಲಿಲ್ಲ, ಟೀ ಮಾಡಲಿಕ್ಕೆ ಎದ್ದು ಹೋದ. ನಾನು ಮೂರು ವಾಕ್ಯ ಬರೆದಿದ್ದೇನೆ, ನೋಡಿ ಹೇಳಿ ಸರ್.

ಹಿ ಎಸ್‌ಚೂಸ್ ಫ್ರಮ್ ಆಲ್ಕೋಹಾಲ್.
ದಿ ಡ್ರೈವರ್ ಎಸ್‌ಚೂಡ್ ಆ್ಯನ್ ಆಕ್ಸಿಡೆಂಟ್.
ದಿ ರೈಟರ್ ಎಸ್‌ಚೂಸ್ ಡಿಫಿಕಲ್ಟ್ ವರ್ಡ್ಸ್.

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಮೂರನೆಯದು ಸರಿ. ಮೊದಲನೆಯದರಲ್ಲಿ ‘ಫ್ರಮ್’ ತೆಗೆ. ಎಸ್‌ಚೂ ನೇರವಾಗಿ ವಸ್ತುವನ್ನೇ ಹಿಡಿಯುತ್ತದೆ. ‘ಫ್ರಮ್’ ಬೇಕೆನ್ನುವವು ಅಬ್‌ಸ್ಟೇನ್, ರಿಫ್ರೇನ್. ಆ ರಿಫ್ರೇನ್ ಒಳಗೆ ಲ್ಯಾಟಿನ್‌ನ ‘ಫ್ರೇನಮ್’ ಇದೆ, ಕುದುರೆಯ ಕಡಿವಾಣ. ನಾಲಿಗೆ ತುದಿಗೆ ಬಂದ ಮಾತನ್ನು ಹಿಡಿದುಕೊಂಡೆ ಅನ್ನುವಾಗ ಅದು. ಎರಡನೆಯದು ಆಗುವುದಿಲ್ಲ. ಅಪಘಾತ ಬೇಕೋ ಬೇಡವೋ ಅಂತ ಯಾವ ಡ್ರೈವರ್ ಕೂತು ಯೋಚಿಸುತ್ತಾನೆ? ಅಲ್ಲಿ ಅವಾಯ್ಡೆಡ್ ಅಥವಾ ಅವರ್ಟೆಡ್ ಹಾಕು.

ಅವಾಯ್ಡ್ ಮುಂದೆ ‘ಟು’ ಹಾಕುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸು. ಅವಾಯ್ಡ್ ಟು ಗೋ ಅಲ್ಲ, ಅವಾಯ್ಡ್ ಗೋಯಿಂಗ್. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಇದು ಇದ್ದೇ ಇರುತ್ತದೆ.

ಮಂಡಕ್ಕಿ_ಮಿರ್ಚಿ

ಎಸ್‌ಚೂಗೆ ನಾಮಪದ ಇದೆಯಾ ಸರ್?

ನಿವೃತ್ತ_ಇಂಗ್ಲಿಷ್_ಮೇಷ್ಟ್ರು

ಎಸ್‌ಚೂವಲ್ ಅಂತ ಇದೆ. ನಿಘಂಟಿನಲ್ಲಿ ಇದೆ, ಜನರ ಬಾಯಲ್ಲಿ ಇಲ್ಲ. ಬರೆಯುವಾಗ ಅವಾಯ್ಡೆನ್ಸ್ ಸಾಕು. ಊಟ, ಕುಡಿತ ಬಿಟ್ಟಿರುವ ವಿಷಯ ಆದರೆ ಅಬ್‌ಸ್ಟಿನೆನ್ಸ್. ಸದನದಲ್ಲಿ ಪರವೂ ಇಲ್ಲ, ವಿರೋಧವೂ ಇಲ್ಲ ಅಂತ ಮತ ಹಾಕದೆ ಕೂತರೆ ಅಬ್‌ಸ್ಟೆನ್ಶನ್. ಇವೆರಡನ್ನೂ ಅದಲು ಬದಲು ಮಾಡಿ ಆಯ್ಕೆ ಕೊಡುವುದು ಪ್ರಶ್ನೆಪತ್ರಿಕೆಯವರಿಗೆ ಬಹಳ ಇಷ್ಟ, ನೋಡಿಕೊಳ್ಳಿ.